ಬೆಳ್ಳಿಯ ಎರಡು ಕಣ್ಣು

ಲೋಕದಲ್ಲಿ ಕಷ್ಟದ ಕೆಲಸಗಳಿಗೆ ಬರವಿಲ್ಲ. ಮುಳ್ಳು ಜಾಸ್ತಿ ಇರುವ ಮೀನನ್ನು ಮಾತಾಡುತ್ತ ತಿನ್ನುವುದು ಕಷ್ಟ. ಅತ್ತೆಯ ಎದುರು ಅತ್ತೆಗಿಂತ ಚೊಲೋ ದೋಸೆ ಹೊಯ್ಯುವುದು ಇನ್ನೂ ಕಷ್ಟ. ಆದರೆ ಕಾರಿನ ಹೆಡ್‌ಲೈಟಿನ ಬಲ್ಬು ಬದಲಾಯಿಸುವುದು? ಅದೂ ಒಂದು ಕೆಲಸವಾ? ಹಳೆಯದನ್ನು ತೆಗೆ, ಹೊಸದನ್ನು ಹಾಕು, ಮುಗಿಯಿತು! ಕಳೆದ ತಿಂಗಳು ಕುಮಟೆ ಹತ್ತಿರದ ಬಾಡ ಎಂಬ ಊರಿನ ನಮ್ಮ ಮನೆಯ ಜಗುಲಿಯಲ್ಲಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೀಗೆಂದು ಬಹಿರಂಗವಾಗಿ ಘೋಷಿಸಿದವಳು ನಾನೇ, ಜಯಶ್ರೀ. ಸಭಿಕರು ಇಬ್ಬರು. ಒಬ್ಬರು ನನ್ನ ಗಂಡ ದಿವಾಕರ, ಹೈಸ್ಕೂಲಿನ ಗಣಿತದ ಮಾಸ್ತರರು. ಇನ್ನೊಬ್ಬರು ನನ್ನ ಅತ್ತೆ ತಿಮ್ಮಕ್ಕ.

"ಕೃಷ್ಣಾನಂದ ಗೋವೆಯಿಂದ ಬರಲಿ, ಅವನೇ ಹಾಕ್ತ" ಎಂದರು ಇವರು. ಕೃಷ್ಣಾನಂದ ನಮ್ಮ ಖಾಯಂ ಮೆಕ್ಯಾನಿಕ್. ಅಕ್ಕನ ಮಗಳ ಮದುವೆಗೆ ಗೋವೆಗೆ ಹೋದವನು ಅಲ್ಲೇ ಅಂಟಿಕೊಂಡಿದ್ದ.

"ಒಂದು ಬಲ್ಬಿಗೆ ಗೋವೆಯಿಂದ ಜನ ಬರಬೇಕಾ? ನಾನೇ ಹಾಕ್ತೆ."

"ಆತು. ಬರೋ ಗುರುವಾರ ಹೊನ್ನಾವರದ ಸಾರಿಗೆ ಕಚೇರಿಲಿ ಗಾಡಿ ತಪಾಸಣೆ ಅದೆ. ಲೈಟು ಹೊತ್ತದಿದ್ರೆ ಗಾಡಿ ಫೇಲ್. ಫೇಲಾದ್ರೆ ನಾನು ಗುಜರಿಯವನಿಗೆ ಫೋನ್ ಮಾಡೂದೇ."

"ಫೋನ್ ಮಾಡಿ. ನಾನೇ ನಂಬರ್ ಒತ್ತಿ ಕೊಡ್ತೆ" ಎಂದುಬಿಟ್ಟೆ. ಬಾಯಿಗೆ ಬ್ರೇಕು ಮೊದಲಿಂದಲೂ ಇಲ್ಲ.

ನಮ್ಮ ಕಾರಿಗೆ ಮೂವತ್ತು ವರ್ಷ. ಹಿಂದೊಮ್ಮೆ ಬೆಳ್ಳಿ ಬಣ್ಣ ಇತ್ತೆಂಬ ಪ್ರತೀತಿಯಿಂದ ಅತ್ತೆ ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟಿದ್ದಾರೆ. ಪ್ರತಿ ಭಾನುವಾರ ಅದರ ಹೊಟ್ಟೆಯಡಿ ಮಲಗಿ ಸಾಕಾಗಿದೆ ಎಂಬುದು ಇವರ ದೂರು. ನನ್ನ ಕಥೆ ಬೇರೆ. ನಾನು ಸ್ಟೇರಿಂಗ್ ಹಿಡಿದದ್ದೇ ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಕುಮಟೆಯ ಸೊಸೈಟಿಯ ಕೆಲಸಕ್ಕೆ ಬಸ್ಸಿನಲ್ಲಿ ಇನ್ನೊಬ್ಬರ ಮೊಣಕೈ ಮುಖದ ಮೇಲೆ ಇಟ್ಟುಕೊಂಡು ಹೋಗುತ್ತಿದ್ದವಳು. ಬೆಳ್ಳಿಯನ್ನು ಒಬ್ಬಳೇ ಓಡಿಸಿಕೊಂಡು ಹೋದ ಮೊದಲ ದಿನ, ಕಿಟಕಿ ಇಳಿಸಿ, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಹಾಡು ಹೇಳಿದ್ದೆ. ಆ ಸಂತೋಷವನ್ನು ಗುಜರಿಗೆ ಹಾಕಲು ನನಗೆ ಸಾಧ್ಯವೇ ಇರಲಿಲ್ಲ. ಆದ್ದರಿಂದಲೇ ಅಷ್ಟು ಆವೇಶ!

ಸುಟ್ಟುಹೋದ ಎರಡೂ ಹಳೆಯ ಬಲ್ಬುಗಳನ್ನು ಬಿಚ್ಚಿ ಅಡುಗೆಮನೆಯ ಮಾಡದಲ್ಲಿಟ್ಟೆ. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುಮಟೆ ಪೇಟೆಯ ಬಿಡಿಭಾಗಗಳ ಅಂಗಡಿಗೆ ದಂಡೆತ್ತಿ ಹೋದೆ.

"ಎಂತಾ ಬಲ್ಬು ಬೇಕು?" ಅಂಗಡಿಯವ ಕೇಳಿದ.

"ಕಾರಿಂದು."

"ಕಾರಿಂದರಲ್ಲಿ ಯಾವುದು?"

"ಮುಂದಿಂದು."

"ಮುಂದಿಂದರಲ್ಲಿ ಎಂತಾದ್ದು?"

"ಗುಂಡಗಿರ್ತದೆ, ಗಾಜಿಂದು, ಹಿಂದೆ ಮೂರು ಕಾಲಿರ್ತದೆ."

ಅವನು ಹಳೆಯ ಬಲ್ಬು ಕೇಳಿದ. ಅದು ಮನೆಯಲ್ಲಿತ್ತು. ಕಾರನ್ನಾದರೂ ತೋರಿಸಿ ಎಂದ. ಅದು ಸೊಸೈಟಿಯ ಎದುರಿಗಿತ್ತು, ಹೊರಗೆ ರಣಬಿಸಿಲಿತ್ತು. ನಾನು ಗಂಭೀರವಾಗಿ, "ಎಲ್ಲ ಕಾರಿಗೂ ಹಾಕ್ತಾರಲ್ಲ, ಅದೇ ಕೊಡಿ" ಎಂದೆ. ಅವನು ಎಲ್ಲ ಕಾರಿಗೂ ಹಾಕುವುದನ್ನೇ ಕೊಟ್ಟ. ನಮ್ಮದು ಎಲ್ಲ ಕಾರಿನ ಹಾಗೆ ಅಲ್ಲವೆಂಬುದು ಸಂಜೆ ತಿಳಿಯಿತು. ಹೊಸ ಬಲ್ಬಿನ ಬುಡದಲ್ಲಿರುವ ತಗಡಿನ ಬಳೆ ಸಣ್ಣದು, ಬೆಳ್ಳಿಯ ತೂತು ದೊಡ್ಡದು. ಒತ್ತಿದೆ. ಬಲ್ಬು ಟಿಣ್ಣೆಂದು ಒಳಗೇ ಬಿದ್ದು ಲೈಟಿನ ಬಟ್ಟಲೊಳಗೆ ಉರುಳಾಡತೊಡಗಿತು! ಅದನ್ನು ಹೊರಗೆ ತೆಗೆಯಲು ಇವರ ಛತ್ರಿಯ ಒಂದು ಕಡ್ಡಿ, ಅತ್ತೆಯ ಹೋಳಿಗೆ ಮಗುಚುವ ಚಪ್ಪಟೆ ಸಟ್ಟುಗ ಮತ್ತು ನನ್ನ ಎರಡು ಉಗುರು ಖರ್ಚಾದವು.

"ಪಾತ್ರೆ ಮನೇಲಿ ಬಿಟ್ಟು ಮುಚ್ಚಳ ತರೂಕೆ ಹೋಗಿದ್ಯಾ?" ಎಂದರು ಇವರು, ಮುರಿದ ಛತ್ರಿಯನ್ನು ಬಿಡಿಸಿ ಮಡಚಿ ನೋಡುತ್ತ.

ಇದು ನನ್ನ ಸ್ವಾಭಿಮಾನಕ್ಕೆ ತಾಗಿತು. ಈಗ ಒಂದು ವಿಷಯ ಹೇಳಬೇಕು. ನನ್ನ ತವರು ಹೊನ್ನಾವರದ ಬಂದರಿನ ಪಕ್ಕ. ಬೋಟಿನವರ ಮನೆಯಲ್ಲಿ ಹುಟ್ಟಿದವರಿಗೆ ಒಂದು ನಂಬಿಕೆ ಇರುತ್ತದೆ: ಸಾಮಾನು ಅಂದರೆ ಬೋಟಿನ ಅಂಗಡಿಯ ಸಾಮಾನು, ಉಳಿದದ್ದೆಲ್ಲ ಆಟಿಕೆ. ನಮ್ಮ ಮನೆಯ ಬಟ್ಟೆ ಒಣಗಿಸುವ ಹಗ್ಗ ಬೋಟಿನದು. ಬಾವಿಯ ರಾಟೆ ಬೋಟಿನದು. ನನ್ನ ಮದುವೆಯಲ್ಲಿ ಚಪ್ಪರಕ್ಕೆ ಹಾಕಿದ ತಾಡಪಾಲು ಕೂಡ ಬೋಟಿನದೇ, ಅದಕ್ಕೆ ನಮ್ಮ ಆರತಕ್ಷತೆಯ ಫೋಟೋಗಳಲ್ಲಿ ಎಲ್ಲರೂ ಮೂಗು ಸುಕ್ಕಿಸಿಕೊಂಡು ಕಾಣುತ್ತಾರೆ. ಉಪ್ಪುನೀರು, ಗಾಳಿ, ಅಲೆ ಎಲ್ಲ ತಡೆಯುವ ಬಲ್ಬಿಗೆ ಕುಮಟೆಯ ಡಾಂಬರು ರಸ್ತೆ ಯಾವ ಲೆಕ್ಕ? ಭಾನುವಾರ ಹಳೆಯ ಬಲ್ಬನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದರಿಗೆ ಹೋದೆ. ಅಲ್ಲಿ ಬೋಟಿನ ಸಾಮಾನಿನ ಅಂಗಡಿ ಇಟ್ಟವನು ನನ್ನ ಚಿಕ್ಕಪ್ಪನ ಮಗ ಸುಧಾಕರ.

"ಕಾರಿಗೆ ಎಂತಕ್ಕೆ ಬೋಟಿಂದು? ಬೇರೆ ಕಡೆ ನೋಡು" ಎಂದ ಅವನು.

"ನೀನು ಅಂಗಡಿ ಇಟ್ಟದ್ದು ಸಾಮಾನು ಮಾರೂಕಾ, ಬುದ್ಧಿ ಮಾರೂಕಾ? ಬುಡ ಸರಿ ಕೂರೂದು ಕೊಡು."

ಅವನು ಹುಡುಕಿ ಕೊಟ್ಟ. ಅದೇ ಬಳೆ, ಅದೇ ಮೂರು ಕಾಲು, ಅವಳಿ ಜವಳಿ! ಮನೆಗೆ ಬಂದು ಹಾಕಿದರೆ ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ಮುಸ್ಸಂಜೆ ಆಗುವುದನ್ನೇ ಕಾದು, ಗಂಡನನ್ನೂ ಅತ್ತೆಯನ್ನೂ ಅಂಗಳಕ್ಕೆ ಕರೆದು, ಕೊಟ್ಟಿಗೆಯ ಗೋಡೆಯ ಕಡೆ ಬೆಳ್ಳಿಯ ಮುಖ ತಿರುಗಿಸಿ, ಪರದೆ ಎಳೆಯುವವರ ಠೀವಿಯಲ್ಲಿ ಸ್ವಿಚ್ಚು ಒತ್ತಿದೆ.

ಗೋಡೆಯ ಮೇಲೆ ಏನೂ ಆಗಲಿಲ್ಲ. ಇವರು ಬಗ್ಗಿ ಲೈಟಿನ ಹತ್ತಿರಕ್ಕೆ ಮೂಗು ಒಯ್ದರು. ಬಲ್ಬಿನೊಳಗೆ ಒಂದು ಕೆಂಪು ಎಳೆ ನಾಚಿಕೊಂಡು ಉರಿಯುತ್ತಿತ್ತು.

"ನಂದಾದೀಪ ಹಚ್ಚಿದ್ಯಲ್ಲೇ" ಎಂದರು ಇವರು. ಅತ್ತೆ ನಿಜವಾಗಿಯೂ ಕೈ ಮುಗಿದುಬಿಟ್ಟರು.

ಸುಧಾಕರನಿಗೆ ಫೋನ್ ಮಾಡಿ ಝಾಡಿಸಿದೆ. ಅವನು ಸಮಾಧಾನದಲ್ಲಿ, "ಬೋಟಿಂದು ಇಪ್ಪತ್ನಾಲ್ಕು ವೋಲ್ಟು, ನಿನ್ನ ಕಾರು ಹನ್ನೆರಡು. ಅರ್ಧ ಹೊಟ್ಟೆಗೆ ಉಂಡದ್ದು ಎಷ್ಟು ಹೊತ್ತತದೆ? ಹೇಳೂಕೆ ಬಂದ್ರೆ ಬುದ್ಧಿ ಮಾರ್ಬೇಡ ಅಂದವಳು ನೀನೇ" ಎಂದ. ಪಕ್ಕದಲ್ಲಿ ಕಿವಿ ಕೊಟ್ಟು ಕೇಳುತ್ತಿದ್ದ ಗಣಿತದ ಮಾಸ್ತರರು, "ಇಪ್ಪತ್ನಾಲ್ಕನ್ನು ಹನ್ನೆರಡರಿಂದ ಭಾಗಿಸು" ಎನ್ನುತ್ತ ಒಳಗೆ ಹೋದರು. ಆ ರಾತ್ರಿ ಸಾರಿಗೆ ಉಪ್ಪು ಹಾಕದೆ ಸೇಡು ತೀರಿಸಿಕೊಂಡೆ.

ಆದರೂ ಸುಧಾಕರ ಒಂದು ಉಪಕಾರ ಮಾಡಿದ. ಭಟ್ಕಳದ ಬಜಾರಿನಲ್ಲಿ ಹಳೆಯ ಗಾಡಿಗಳ ಸಾಮಾನು ಇಟ್ಟುಕೊಂಡ ಒಬ್ಬ ಸಾಹೇಬರ ಅಂಗಡಿ ಹೇಳಿದ. ಮರುದಿನ ನಾನು ರಜೆ ಹಾಕಿದೆ. ಇವರೂ ಹಾಕಿದರು, ಯಾಕೆಂದರೆ ನಾನು ದೂರ ಓಡಿಸುವಾಗ ಇವರು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಲೇಬೇಕು. ಶರಾವತಿ ಸೇತುವೆ ದಾಟಿ, ಮಂಕಿ, ಮುರ್ಡೇಶ್ವರದ ತಿರುವು ಕಳೆದು ಭಟ್ಕಳ ಮುಟ್ಟುವಷ್ಟರಲ್ಲಿ ಇವರ ಬಲಗಾಲು ಸೋತು ಹೋಗಿತ್ತು.

ಸಾಹೇಬರು ಫೋನಿನಲ್ಲಿ ತಮ್ಮ ಮನೆಮಾತು ನವಾಯತಿ, ಗಿರಾಕಿಯೊಬ್ಬನ ಹತ್ತಿರ ಉರ್ದು ಮಾತಾಡುತ್ತಿದ್ದರು. ನಾನು ಕರ್ಚೀಫು ಬಿಚ್ಚಿ ಬಲ್ಬು ತೋರಿಸಿದ್ದೇ ಎರಡನ್ನೂ ನಿಲ್ಲಿಸಿ ಕನ್ನಡಕ್ಕೆ ಬಂದರು.

"ಅಮ್ಮಾ, ಇದು ಹಾಕೋ ಗಾಡಿ ಇನ್ನೂ ಓಡ್ತದಾ?"

"ಓಡಿಸ್ಕಂಡೇ ಬಂದದ್ದು."

ಅವರು ಅಂಗಡಿ ಬಿಟ್ಟು ಹೊರಗೆ ಬಂದರು. ಬೆಳ್ಳಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾನೆಟ್ಟಿನ ಮೇಲೆ ಕೈ ಆಡಿಸಿ, "ಅರೆ ವಾಹ್, ನಮ್ಮ ಅಬ್ಬಾನ ಹತ್ರ ಇದೇ ಇತ್ತು, ನಾನು ಶಾಲೆಗೆ ಹೋದದ್ದು ಇದರಲ್ಲೇ" ಎಂದು ಪಕ್ಕದ ಅಂಗಡಿಯ ತಮ್ಮನನ್ನು ಕರೆದರು. ತಮ್ಮ ಬಂದ. ಬೆಳ್ಳಿಯ ಜೊತೆ ಫೋಟೋ ಆಯಿತು. ವೀಡಿಯೋ ಕಾಲ್ ಹಾಕಿ ದುಬೈಯಲ್ಲಿರುವ ಅಣ್ಣನಿಗೂ ತೋರಿಸಿದರು. ನಾನು ಸ್ಟೇರಿಂಗಿನ ಮೇಲೆ ಕೈಯಿಟ್ಟು ಮದುಮಗಳ ಹಾಗೆ ನಕ್ಕೆ. "ಕೇಳಿದ್ರಾ? ದುಬೈವರೆಗೆ ಸುದ್ದಿಯಾತು. ಗುಜರಿಯಂತೆ!" ಎಂದು ಇವರನ್ನು ತಿವಿದೆ. ಇವರು ಕಾಲು ನೀವಿಕೊಳ್ಳುತ್ತಿದ್ದರು.

ಸಾಹೇಬರ ಕಪಾಟಿನ ತಳದಲ್ಲಿ ಸರಿಯಾದ ಬಲ್ಬು ಒಂದು ಜೋಡಿ ಇತ್ತು. ಬುಡ ಸರಿ, ವೋಲ್ಟು ಸರಿ. "ಗಾಜಿಗೆ ಕೈ ತಾಗಿಸ್ಬೇಡಿ ಅಮ್ಮಾ, ಎಣ್ಣೆ ಅಂಶ ಹತ್ತಿದ್ರೆ ಕಾದಾಗ ಒಡೀತದೆ" ಎಂದರು. "ಆತು ಆತು" ಎಂದೆ. ನನಗೆ ಅಷ್ಟೂ ತಿಳಿಯುವುದಿಲ್ಲವಾ!

ನನಗೆ ತಿಳಿದಿತ್ತು. ಅತ್ತೆಗೆ ಹೇಳಬೇಕೆಂದು ತಿಳಿಯಲಿಲ್ಲ. ನಮ್ಮ ಮನೆಗೆ ಹೊಸ ಸಾಮಾನು ಏನೇ ಬರಲಿ, ಮಿಕ್ಸರ್ ಇರಲಿ, ಮೊಬೈಲು ಇರಲಿ, ಮೊದಲು ದೇವರ ಮುಂದೆ ಇಟ್ಟು ಗಂಧ ಕುಂಕುಮ ಹಚ್ಚದೆ ಅವರು ಬಳಸಲು ಬಿಡುವವರಲ್ಲ. ಮರುದಿನ ಸಂಜೆ ನಾನು ಸೊಸೈಟಿಯಿಂದ ಬಂದು ನೋಡುತ್ತೇನೆ, ಒಂದು ಬಲ್ಬು ದೇವರ ಪೀಠದ ಮೇಲೆ ಹಣೆತುಂಬ ಗಂಧ, ಗಂಧದ ಮೇಲೆ ಕುಂಕುಮ, ತಲೆಯ ಮೇಲೆ ದಾಸವಾಳ ಇಟ್ಟುಕೊಂಡು ಕೂತಿದೆ! ಕುಂಕುಮ ಗಾಜಿನ ಮೇಲೆ ನಿಲ್ಲುವುದಿಲ್ಲವೆಂದು ಅತ್ತೆ ಅದನ್ನು ದೀಪದ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದರು. ಎರಡನೆಯದನ್ನು ಕೈಗೆ ಎತ್ತಿಕೊಳ್ಳುವಷ್ಟರಲ್ಲಿ ನಾನು ಕಸಿದುಕೊಂಡೆ.

"ಒಂದಕ್ಕೆ ಪೂಜೆ ಮಾಡಿ ಒಂದಕ್ಕೆ ಬಿಟ್ರೆ ಹೆಂಗೆ? ಪಾಪ" ಎಂದರು ಅತ್ತೆ.

ಪೂಜೆಗೊಂಡ ಬಲ್ಬನ್ನು ಅಡುಗೆಮನೆಯ ಮಸಿಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿ ಹಾಕಿದೆ. ಆ ಮಸಿಬಟ್ಟೆಯಲ್ಲಿ ಬೆಳಗ್ಗೆ ಬಂಗಡೆ ಮೀನು ಹುರಿದ ಕಾವಲಿ ಇಳಿಸಿದ್ದೆ ಎಂಬುದು ಆಗ ನೆನಪಾಗಲಿಲ್ಲ. ಸ್ವಿಚ್ಚು ಒತ್ತಿದ್ದೇ ಕೊಟ್ಟಿಗೆಯ ಗೋಡೆ ಝಗ್ಗೆಂದು ಬೆಳಗಿತು. ಎರಡು ದೊಡ್ಡ ಬಿಳಿ ಬೆಳಕು! ದನ ಎದ್ದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಬೆಳ್ಳಿಯ ಎಡಗಣ್ಣಿನಿಂದ ಸಣ್ಣಗೆ ಹೊಗೆ ಬಂತು. ಗಂಧದ ಪರಿಮಳ ಬಂತು, ಅದರ ಬೆನ್ನಿಗೆ ಬಂಗಡೆಯ ಪರಿಮಳವೂ ಬಂತು. ಠಪ್!

"ಪೂಜೆ ಆತು, ಮಂಗಳಾರತಿಯೂ ಆತು" ಎಂದರು ಇವರು.

ತಪಾಸಣೆಗೆ ಉಳಿದದ್ದು ನಡುವೆ ಒಂದೇ ದಿನ. ಬೆಳ್ಳಿ ಒಕ್ಕಣ್ಣಿ. ನಿಜ ಹೇಳುತ್ತೇನೆ, ಆಗ ನನಗೆ ಅಳುವೇ ಬಂತು. ಸಾಹೇಬರಿಗೆ ಫೋನ್ ಹಚ್ಚಿ ಗೋಗರೆದೆ. ಅವರು ಯಾರದೋ ಗೋದಾಮಿನಲ್ಲಿ ಇನ್ನೊಂದು ಹುಡುಕಿಸಿದರು. ತರುವವರು ಯಾರು? ಭಟ್ಕಳದಿಂದ ಕುಮಟೆಗೆ ದಿನಾ ಬೆಳಿಗ್ಗೆ ಮೀನಿನ ಟೆಂಪೋ ತರುವ ಜಟ್ಟ ಇದ್ದನಲ್ಲ! ಅವನ ಕೈಯಲ್ಲಿ ಕೊಟ್ಟು ಕಳಿಸಿ ಎಂದೆ. ನಮ್ಮ ಕಡೆ ಔಷಧಿ, ಮದುವೆಯ ಕಾಗದ, ಮರೆತು ಬಿಟ್ಟು ಬಂದ ಕನ್ನಡಕ ಎಲ್ಲ ಮೀನಿನ ಟೆಂಪೋದಲ್ಲೇ ಊರೂರು ತಿರುಗುತ್ತವೆ.

ಗುರುವಾರ ಬೆಳಿಗ್ಗೆ ಕುಮಟೆಯ ಮೀನುಪೇಟೆಯ ಎದುರು ಬೆಳ್ಳಿಯನ್ನು ನಿಲ್ಲಿಸಿ ಕಾದೆವು. ಜಟ್ಟ ಬಂದು ನನ್ನ ಕೈಗೆ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಇಟ್ಟ. ಮುಚ್ಚಳ ತೆಗೆದರೆ ಬರೀ ಮಂಜುಗಡ್ಡೆ. ಮೊಣಕೈವರೆಗೆ ಕೈ ಹಾಕಿ ತಡಕಿದೆ. ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನಮ್ಮ ಬಲ್ಬು ಸೀಗಡಿಯ ಹಾಗೆ ತಣ್ಣಗೆ ಮಲಗಿತ್ತು.

"ಎಂತಕ್ಕೋ ಐಸು?" ಎಂದೆ.

"ನಾಜೂಕಿನ ಸಾಮಾನು, ಹಾಳಾಗ್ಬಾರ್ದು ಅಂದ್ರು ಸಾಹೇಬ್ರು. ಹಾಳಾಗ್ಬಾರ್ದು ಅಂದ್ರೆ ನಾನು ಐಸೇ ಹಾಕೂದು" ಎಂದ ಜಟ್ಟ.

ಈ ಸಲ ನಾನು ಗಾಜು ಮುಟ್ಟಲಿಲ್ಲ. ಬಿಸಿಲಿಗೆ ಹಿಡಿದು, ಇವರ ಇಸ್ತ್ರಿ ಮಾಡಿದ ಕರ್ಚೀಫಿನಲ್ಲಿ ಒರೆಸಿ, ಉಸಿರು ಬಿಗಿಹಿಡಿದು ಕೂರಿಸಿದೆ. ಒತ್ತಿದೆ. ಹೊತ್ತಿತು! ಮೀನುಪೇಟೆಯ ಹೆಂಗಸರೆಲ್ಲ ಬುಟ್ಟಿ ಬಿಟ್ಟು ನೋಡುವ ಹಾಗೆ ಕೂಗಿದೆ. ಇವರು ಕೈಗಡಿಯಾರ ನೋಡಿಕೊಂಡು, "ಹೊತ್ತಿತಲ್ಲ, ನಡಿ ಇನ್ನು, ಹೊತ್ತಾತು" ಎಂದರು. ಅವರ ಮುಖದಲ್ಲೂ ಒಂದಿಷ್ಟು ನಗು ಇತ್ತು.

ಹೊನ್ನಾವರದ ಸಾರಿಗೆ ಕಚೇರಿಯ ಮೈದಾನದಲ್ಲಿ ಗಾಡಿಗಳ ಸಾಲು. ಹಿಂದೆ ಮುಂದೆ ಥಳಥಳ ಹೊಳೆಯುವ ಟ್ಯಾಕ್ಸಿ, ನಡುವೆ ನಮ್ಮ ಬೆಳ್ಳಿ. ನಾನು ಎಂಜಿನ್ ನಿಲ್ಲಿಸಿ ಇಳಿದೆ. ಲೈಟು ಮಾತ್ರ ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸಬೇಕು? ಮೂರು ತಾಲೂಕು ಸುತ್ತಿ ತಂದ ಬೆಳಕು! ಸಾಲಿನಲ್ಲಿದ್ದ ಡ್ರೈವರುಗಳಿಗೆಲ್ಲ ಬಲ್ಬಿನ ಪುರಾಣವನ್ನು ಮೊದಲಿಂದ ಹೇಳತೊಡಗಿದೆ. ದುಬೈಯ ಭಾಗ ಎರಡು ಸಲ ಹೇಳಿದೆ. ಇವರು ಒಮ್ಮೆ, "ಲೈಟು ಬಂದ್ ಮಾಡೇ" ಎಂದರು. "ಹೊಟ್ಟೆಕಿಚ್ಚು ನಿಮಗೆ" ಎಂದೆ.

ಇನ್‌ಸ್ಪೆಕ್ಟರು ನಮ್ಮ ಹತ್ತಿರ ಬರುವಷ್ಟರಲ್ಲಿ ಬಿಸಿಲು ಏರಿತ್ತು. "ಹೆಡ್‌ಲೈಟ್ ಹಾಕಿ" ಎಂದರು.

"ಹಾಕಿಯೇ ಅದೆ ಸರ್" ಎಂದೆ ಹೆಮ್ಮೆಯಿಂದ.

ಅವರು ಬೆಳ್ಳಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನೂ ಹೋಗಿ ನೋಡಿದೆ. ಎರಡು ಕಣ್ಣೂ ಮುಚ್ಚಿದ್ದವು. ಕೀಲಿ ತಿರುಗಿಸಿದರೆ ಎಂಜಿನ್ ಕಿರ್ ಎಂದು ಸುಮ್ಮನಾಯಿತು. ಬ್ಯಾಟರಿಯ ಪ್ರಾಣವನ್ನೆಲ್ಲ ನನ್ನ ಪುರಾಣ ಕುಡಿದುಬಿಟ್ಟಿತ್ತು.

ಇನ್‌ಸ್ಪೆಕ್ಟರು ಮುಂದಿನ ಗಾಡಿಗೆ ಹೊರಟರು. ಇವರು ಸುಮ್ಮನೆ ನಿಂತಿದ್ದರೆ ಸಾಕಿತ್ತು, ಬೆಳ್ಳಿ ಫೇಲು, ಗುಜರಿ, ಭಾನುವಾರವೆಲ್ಲ ಅವರದೇ. ಆದರೆ ಇವರು ಎಂತ ಮಾಡಿದರು ಗೊತ್ತಾ? ಚಪ್ಪಲಿ ಬಿಚ್ಚಿ ಕಾರಿನೊಳಗೆ ಇಟ್ಟರು. ಪರ್ಸು, ಕೈಗಡಿಯಾರ ಸೀಟಿನ ಮೇಲಿಟ್ಟರು. ಪ್ಯಾಂಟು ಮೊಣಕಾಲಿಗೆ ಮಡಚಿ, "ಒಂದೇ ನಿಮಿಷ ಸರ್" ಎಂದು ಇನ್‌ಸ್ಪೆಕ್ಟರಿಗೆ ಹೇಳಿ, ಬೆಳ್ಳಿಯ ಬೆನ್ನಿಗೆ ಕೈ ಕೊಟ್ಟರು.

"ಕೂರು. ಎರಡನೇ ಗೇರಿಗೆ ಹಾಕು. ನಾನು ಬಿಡು ಅಂದಾಗ ಕ್ಲಚ್ ಬಿಡು."

ದೂಡಿದರು. ಬಿಸಿಲಿಗೆ ಕಾದ ಮೈದಾನದಲ್ಲಿ ಬರಿಗಾಲಲ್ಲಿ ಓಡೋಡಿ ದೂಡಿದರು. "ಬಿಡು" ಎಂದರು, ಬಿಟ್ಟೆ. ಬೆಳ್ಳಿ ಕೆಮ್ಮಿತು, ಒದರಿತು, ಗುರ್ರೆಂದು ಎದ್ದಿತು. ಎರಡೂ ಕಣ್ಣು ಫಳ್ಳೆಂದು ತೆರೆದವು! ಮೈದಾನ ಸುತ್ತಿ ಬಂದು ಇನ್‌ಸ್ಪೆಕ್ಟರ ಎದುರು ನಿಲ್ಲಿಸಿದೆ. ಅವರು ಲೈಟು ನೋಡಿದರು, ಬ್ರೇಕು ನೋಡಿದರು, ಹಾರ್ನು ಕೇಳಿದರು. "ಪಾಸ್. ಇನ್ನು ಐದು ವರ್ಷ ಓಡಿಸ್ಬಹುದು. ಎಂಜಿನ್ ಮಾತ್ರ ಬಂದ್ ಮಾಡ್ಬೇಡಿ, ಸೀದಾ ಮನೆಗೆ ಹೋಗಿ" ಎಂದರು.

ನಾನು ಸೀದಾ ಮನೆಗೆ ಹೋದೆ.

ಆಹಾ, ಆ ಸವಾರಿ! ಕರ್ಕಿ, ಹಳದೀಪುರ, ಧಾರೇಶ್ವರ ಎಲ್ಲ ಕಡೆ ಎದುರು ಬಂದವರು ನನ್ನ ಕಡೆ ಕೈ ಎತ್ತಿ ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸುತ್ತಿದ್ದರು. ಊರೆಲ್ಲ ಅಭಿನಂದಿಸುತ್ತಿದೆ ಎಂದುಕೊಂಡು ನಾನೂ ಕೈ ಬೀಸುತ್ತ ಹೋದೆ. ಹಗಲಲ್ಲೇ ಲೈಟು ಉರಿಯುತ್ತಿದೆ ಮಾರಾಯ್ತಿ ಎಂದು ಅವರು ಹೇಳುತ್ತಿದ್ದದ್ದು ತಿಳಿದದ್ದು ಆಮೇಲೆ. ಚೀಲದಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗಾಡಿ ಓಡಿಸುವಾಗ ನಾನು ಫೋನು ಎತ್ತುವುದಿಲ್ಲ. ಶಿಸ್ತು ಅಂದರೆ ಶಿಸ್ತು!

ಮನೆಯ ಅಂಗಳದಲ್ಲಿ ಬೆಳ್ಳಿಯನ್ನು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, "ಅತ್ತೇ, ಪಾಸಾತು" ಎಂದು ಕೂಗಿದೆ. ಅತ್ತೆ ದೃಷ್ಟಿ ತೆಗೆಯಲು ಆರತಿ ತಟ್ಟೆ ಹಿಡಿದು ಓಡಿ ಬಂದರು. ಬೆಳ್ಳಿಗೆ ಒಂದು ಸುತ್ತು, ನನಗೆ ಒಂದು ಸುತ್ತು ಎತ್ತಿ, ಬಗ್ಗಿ ಒಳಗೆ ನೋಡಿದರು. ಪಕ್ಕದ ಸೀಟಿನಡಿ ಒಂದು ಜೊತೆ ಚಪ್ಪಲಿ ಇತ್ತು.

"ಅಂವ ಎಲ್ಲಿ?" ಎಂದರು.

ಚೀಲದಿಂದ ಫೋನು ತೆಗೆದೆ. ಇವರದೇ ಕರೆಗಳ ಸಾಲು. ನನ್ನ ಸಂತೋಷ ಉಳಿಸಲು ಮೈ ಬೆವರಿಸಿದವರನ್ನು ಬರಿಗಾಲಲ್ಲಿ, ಬರಿಗೈಯಲ್ಲಿ ಬಿಸಿಲಿಗೆ ಬಿಟ್ಟು ಬಂದಿದ್ದೆ. ಈಗಲೇ ಹೋಗಿ ಕರೆದುಕೊಂಡು ಬರುತ್ತೇನೆಂದು ಓಡಿ ಕೀಲಿ ತಿರುಗಿಸಿದೆ. ದಾರಿಯುದ್ದಕ್ಕೂ ಲೈಟು ಉರಿದು ಬ್ಯಾಟರಿ ತುಂಬಿಯೇ ಇರಲಿಲ್ಲ, ಬೆಳ್ಳಿ ಕಿರ್ ಎಂದೂ ಅನ್ನಲಿಲ್ಲ. ದೂಡಲು ಅತ್ತೆ ಆರತಿ ತಟ್ಟೆ ಕೆಳಗಿಟ್ಟು ಸೀರೆ ಎತ್ತಿ ಕಟ್ಟಿದರು, ನಾನೇ ಬೇಡವೆಂದೆ.

ಎರಡು ಬಸ್ಸು ಬದಲಾಯಿಸಿ, ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಮೊಣಕೈಯ ಅಡಿಯಲ್ಲಿ ನಾನು ಹೊನ್ನಾವರ ಮುಟ್ಟಿದೆ. ಇವರು ಕಚೇರಿಯ ಗೇಟಿನ ನೆರಳಲ್ಲಿ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ನಿಂತಿದ್ದರು. ನನ್ನನ್ನು ನೋಡಿದರು. ನನ್ನ ಹಿಂದೆ ನೋಡಿದರು.

"ಬೆಳ್ಳಿ ಎಲ್ಲಿ?"

"ಮನೇಲಿ. ಸ್ಟಾರ್ಟ್ ಆಗ್ಲಿಲ್ಲ."

"ದೂಡ್ಬೇಕಾಗಿತ್ತು."

"ದೂಡೂರು ಇಲ್ಲಿದ್ರಲ್ಲ."

ಇವರು ಚಪ್ಪಲಿ ಹಾಕಿಕೊಂಡರು. ಮಡಚಿದ ಪ್ಯಾಂಟನ್ನು ಬಿಡಿಸಿ ಕೊಡವಿದರು. ಬಸ್ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಹೋದವರು ನಿಂತು ಕೇಳಿದರು:

"ಬೆಳ್ಳಿಗೆ ಐದು ವರ್ಷ ಅಂದ್ರಲ್ಲ. ಐದು ವರ್ಷ ದೂಡೂಕೆ ನಾನು ತಡೀತೆನಾ ಅಂತ ಯಾರಾದ್ರೂ ತಪಾಸಣೆ ಮಾಡಿದ್ರಾ?"

ನಾನು ಮುಂದೆ ಓಡಿಹೋಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅವರಿಗೆ ಹಿಡಿದುಕೊಟ್ಟೆ.